ಜನರಲ್ಲರ ದೀಕ್ಷಾಸ್ನಾನ

ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಅವಳ ಶಾಲೆಯವರು ಮೇಣದ ಮ್ಯೂಸಿಯಂ ಮಾಡಿದರು. ಮೇಣ ಎಂಬುದು ಹೆಸರಿಗಷ್ಟೇ. ಒಂದೊಂದು ಮಗುವೂ ಅಮೆರಿಕದ ಒಬ್ಬ ಅಧ್ಯಕ್ಷರ ವೇಷ ಹಾಕಿಕೊಂಡು ಬೊಂಬೆಯ ಹಾಗೆ ಅಲ್ಲಾಡದೆ ನಿಲ್ಲಬೇಕು. ಮುಂದೆ ನೆಲದ ಮೇಲೆ ಕೆಂಪು ಕಾಗದದ ಗುಂಡಿಯೊಂದನ್ನು ಅಂಟಿಸಿರುತ್ತಾರೆ. ನೋಡಲು ಬಂದವರು ಅದನ್ನು ಕಾಲಿನಿಂದ ಒತ್ತಿದರೆ ಬೊಂಬೆಗೆ ಜೀವ ಬರುತ್ತದೆ. ನಾನು ಇಂಥವನು, ಇಂಥ ಕಡೆ ಹುಟ್ಟಿದೆ, ಇಂಥದ್ದು ಮಾಡಿದೆ ಎಂದು ಒಂದು ನಿಮಿಷ ಮಾತಾಡಿ ಮತ್ತೆ ಬೊಂಬೆಯಾಗುತ್ತದೆ.

ಯಾರಿಗೆ ಯಾವ ಅಧ್ಯಕ್ಷ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರು. ನನ್ನ ಮಗಳಿಗೆ ಉದ್ದ ಟೊಪ್ಪಿಗೆಯ ಗಡ್ಡದ ಅಧ್ಯಕ್ಷ ಬೇಕಾಗಿತ್ತು. ಬಂದದ್ದು ಮಹಾಯುದ್ಧದಲ್ಲಿ ಸೇನೆ ನಡೆಸಿ ಗೆದ್ದು, ಆಮೇಲೆ ಯೂನಿಫಾರ್ಮ್ ಬಿಚ್ಚಿಟ್ಟು ಅಧ್ಯಕ್ಷರಾದ ಜನರಲ್ಲರ ಚೀಟಿ. ಕಾರು ಹತ್ತುವಾಗಲೇ ಕಣ್ಣಲ್ಲಿ ನೀರು. "ಹಿ ಈಸ್ ಬಾಲ್ಡ್, ಅಮ್ಮ!"

ಟೊರೆನ್ಸಿನ ನಮ್ಮ ಮನೆಯಲ್ಲಿ ಆಗ ನಾವು ಐದು ಜನ. ನಾನು, ನನ್ನ ಗಂಡ, ಮಗಳು, ಮತ್ತು ಕೋವಿಡ್ ಕಳೆದು ವಿಮಾನಗಳು ಸರಿಯಾಗಿ ಓಡತೊಡಗಿದ ಮೇಲೆ ಧಾರವಾಡದಿಂದ ಬಂದು ನಮ್ಮ ಜೊತೆಗೇ ನೆಲೆಸಿದ್ದ ಅತ್ತೆ, ಮಾವ. ಮಾವ ಭಾರತೀಯ ಸೇನೆಯಲ್ಲಿ ಕರ್ನಲ್ ಆಗಿ ನಿವೃತ್ತರಾದವರು. ಅತ್ತೆ ಧಾರವಾಡದಲ್ಲೇ ಶಾಲೆಯ ಟೀಚರಾಗಿದ್ದವರು. ಮಕ್ಕಳ ಓದು ಕೆಡಬಾರದೆಂದು ಅವರು ಊರಲ್ಲೇ ಉಳಿದಿದ್ದರು. ಮಾವ ಒಂದು ಗಡಿಯಿಂದ ಇನ್ನೊಂದು ಗಡಿಗೆ ವರ್ಗವಾಗುತ್ತ ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ನಾನು ಬೆಂಗಳೂರಿನವಳು, ಮದುವೆಯಾದ ಹೊಸದರಲ್ಲಿ ಇವರಿಬ್ಬರು ಮಾತಾಡುತ್ತಿದ್ದರೆ ಜಗಳವೋ ಪ್ರೀತಿಯೋ ನನಗೆ ತಿಳಿಯುತ್ತಿರಲಿಲ್ಲ. ಈಗಲೂ ಕೆಲವು ಸಲ ತಿಳಿಯುವುದಿಲ್ಲ.

ಚೀಟಿಯ ಸುದ್ದಿ ಕೇಳಿದ್ದೇ ಮಾವ ಪೇಪರ್ ಮಡಿಸಿಟ್ಟು ಎದ್ದು ನಿಂತರು.

"ಜನರಲ್ ಬಂದಾನ? ಶಾಬಾಶ್! ಉಳಿದ ಹುಡುಗ್ರಿಗೆಲ್ಲ ಬರೇ ವಕೀಲರು ಬಂದಿರತಾರ. ಬೋಳುತಲಿಗೇನಾಗ್ಯದ?" ಎಂದು ತಮ್ಮ ತಲೆಯನ್ನೇ ತಟ್ಟಿ ತೋರಿಸಿದರು. "ಇದಕ್ಕ ಟೊಪಗಿ ಛಲೋ ಕೂಡ್ತದ."

ಅವತ್ತಿನಿಂದ ನನ್ನ ಮಗಳಿಗೆ ಕ್ಯಾಡೆಟ್ ಎಂದು ಹೆಸರಾಯಿತು. ಮಾವ ಅವಳನ್ನು ದಿನಾ ಸಂಜೆ ಗ್ಯಾರೇಜಿನ ಮುಂದೆ ನಲವತ್ತು ನಿಮಿಷ ಅಲ್ಲಾಡದೆ ನಿಲ್ಲಿಸುವ ಅಭ್ಯಾಸ ಶುರು ಮಾಡಿದರು. "ಮೊಣಕಾಲು ಬಿಗೀಬ್ಯಾಡ. ಬಿಗದ್ರ ಕಣ್ಣಿಗೆ ಕತ್ತಲಿ ಬಂದು ಬೀಳ್ತಿ. ಬೂಟಿನೊಳಗ ಹೆಬ್ಬೆರಳು ಆಡಸ್ಕೋತ ಇರು, ಅದು ಯಾರಿಗೂ ಕಾಣಂಗಿಲ್ಲ." ಎದುರು ಮನೆಯ ಜಪಾನಿ ಅಜ್ಜಿ ಗಿಡಕ್ಕೆ ನೀರು ಹಾಕುತ್ತಾ ಇದನ್ನು ನೋಡಿ, ಮಗು ಏನು ತಪ್ಪು ಮಾಡಿತು ಎಂದು ನನ್ನನ್ನು ಕೇಳಿದರು.

ಭಾಷಣ ಬರೆಯಲು ಶಾಲೆಯವರು ಒಂದು ಹಾಳೆ ಕೊಟ್ಟಿದ್ದರು. ಹುಟ್ಟು, ಬಾಲ್ಯ, ಸಾಧನೆ. ಕೊನೆಗೆ ಕೇಳಿದವರಿಗೆ ಆಶ್ಚರ್ಯವಾಗುವ ಒಂದು ಸಂಗತಿ. ಮಗಳು ಲೈಬ್ರರಿಯಿಂದ ಎರಡು ಪುಸ್ತಕ ತಂದು ಓದಿ ಆಶ್ಚರ್ಯವನ್ನೂ ಹುಡುಕಿದಳು. ಜನರಲ್ಲರ ಮನೆಯಲ್ಲಿ ದಿನವೂ ಬೈಬಲ್ ಓದುತ್ತಿದ್ದರಂತೆ. ತಾಯಿಗೆ ಯುದ್ಧವೆಂದರೇ ಆಗದಂತೆ. ಮಗ ಹೋಗಿ ಸೇರಿದ್ದು ಮಿಲಿಟರಿ ಕಾಲೇಜು. ಸೇನೆಯಲ್ಲಿದ್ದ ಅಷ್ಟೂ ವರ್ಷ ಅವರು ಯಾವ ಚರ್ಚಿಗೂ ಸೇರಿರಲಿಲ್ಲ. ಅರವತ್ತು ದಾಟಿ ಅಧ್ಯಕ್ಷರಾದ ಕೆಲವೇ ದಿನಗಳಲ್ಲಿ ಚರ್ಚಿಗೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡರು.

ಇದನ್ನೇ ಬರೆದುಕೊಟ್ಟಳು. ಹಾಳೆ ವಾಪಸು ಬಂದಾಗ ಅದರ ಪಕ್ಕ ಟೀಚರ್ ನೇರಳೆ ಇಂಕಿನಲ್ಲಿ, ಬಹಳ ಚೆನ್ನಾಗಿದೆ, ಆದರೆ ಯಾಕೆ ಹಾಗೆ ಮಾಡಿದರು ಎಂಬುದನ್ನು ಎರಡು ವಾಕ್ಯದಲ್ಲಿ ನಿನ್ನ ಸ್ವಂತ ವಿಚಾರವಾಗಿ ಹೇಳು ಎಂದು ಬರೆದಿದ್ದರು.

ಆ ಯಾಕೆ ನಮ್ಮ ಊಟದ ಟೇಬಲ್ಲಿನ ಮೇಲೆ ಒಂದು ವಾರ ಕೂತಿತು.

"ಸಿಂಪಲ್," ಎಂದ ನನ್ನ ಗಂಡ. "ಓಟಿಗಾಗಿ. ಎಲ್ಲ ಪೊಲಿಟಿಶಿಯನ್ನೂ ಅಷ್ಟೇ."

"ಓಟು ಗೆದ್ದ ಮ್ಯಾಲೆ ಯಾವನರೆ ಓಟಿನ ಸಲುವಾಗಿ ಸ್ನಾನಾ ಮಾಡ್ತಾನೇನೋ?" ಎಂದರು ಮಾವ.

"ನೆಕ್ಸ್ಟ್ ಇಲೆಕ್ಷನ್, ಅಜ್ಜ," ಎಂದಳು ಮಗಳು, ಅಪ್ಪನ ಪಕ್ಷ ಹಿಡಿದು.

ಅತ್ತೆಯ ವಾದ ಬೇರೆ. "ತಾಯಿ ಮಾತು ಮೀರಿ ಸೈನ್ಯಾ ಸೇರಿದಾಂವ. ವಯಸ್ಸಾದ ಮ್ಯಾಲೆ ಆಕಿ ನೆನಪು ಕಾಡಿರ್ತದ. ಎಲ್ಲಾ ಗಂಡಸರೂ ಕಡೀಕ ಬರೋದು ದೇವರ ಹತ್ರಾನ. ಕೆಲವರಿಗೆ ಭಾಳ ತಡಾ ಆಗ್ತದ," ಎಂದು ರೊಟ್ಟಿ ಮುರಿಯುತ್ತಾ ಮಾವನ ಕಡೆ ನೋಡಿದರು.

ಆ ನೋಟಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ಮಾವ ದೇವರನ್ನು ನಂಬದವರು ಎಂಬುದು ಮೊದಲಿನಿಂದ ನಡೆದುಬಂದ ಮಾತು. ಮುಂಬಾಗಿಲ ಪಕ್ಕದ ಕೋಟು ನೇತುಹಾಕುವ ಕ್ಲೋಸೆಟ್ಟನ್ನು ಅತ್ತೆ ಬಂದ ವಾರದಲ್ಲೇ ಖಾಲಿ ಮಾಡಿಸಿ ದೇವರ ಮನೆ ಮಾಡಿಕೊಂಡಿದ್ದರು. ಮಾವ ಆ ಬಾಗಿಲಿನೊಳಗೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಆರತಿ ಮಾಡಿ ತಟ್ಟೆ ತಂದರೆ ಗ್ಯಾರೇಜಿಗೆ ನಡೆಯುತ್ತಿದ್ದರು. ಹಾಗಾಗಿ ಜನರಲ್ಲರ ಕುರಿತು ನಡೆಯುತ್ತಿದ್ದ ಈ ಚರ್ಚೆಯಲ್ಲಿ ಅರ್ಧದಷ್ಟು ಕರ್ನಲ್ಲರದು ಎಂಬುದು ಮಗಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಆ ಶನಿವಾರ ನಾವು ಸ್ಯಾನ್ ಡಿಯಾಗೋಗೆ ಹೋದೆವು. ಮೀರಾ ಮೆಸಾದಲ್ಲಿ ನನ್ನ ನಾದಿನಿಯ ಮನೆಯಿದೆ. ಅವಳ ಮನೆ ಹತ್ತಿರದ ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟಿಗಾಗಿ ಅತ್ತೆ ತಿಂಗಳಿಗೊಮ್ಮೆ ಎರಡು ಗಂಟೆ ಕಾರಿನಲ್ಲಿ ಕೂರಲು ಸಿದ್ಧರು. ನಾದಿನಿಯ ಮನೆಯಲ್ಲಿ ಉಪ್ಪಿಟ್ಟು ತಿಂದು, ಹಿಟ್ಟಿನ ಚೀಲಗಳನ್ನು ಡಿಕ್ಕಿಗೆ ಹಾಕಿಕೊಂಡು, ಬಂದರಿನಲ್ಲಿ ಈಗ ಮ್ಯೂಸಿಯಂ ಆಗಿ ನಿಂತಿರುವ ಹಳೆಯ ಯುದ್ಧನೌಕೆ ನೋಡಲು ಹೊರಟೆವು. ಅದು ಮಾವನ ಬಹುದಿನದ ಆಸೆ. ಗಂಡ ಪಾರ್ಕಿಂಗ್ ಹುಡುಕಲು ಹೋದವನು ಬಹಳ ಹೊತ್ತು ಬರಲೇ ಇಲ್ಲ. ನಾವು ನಾಲ್ವರೇ ಹಡಗು ಹತ್ತಿದೆವು.

ಮಾವ ಎರಡು ಅಂತಸ್ತುಗಳನ್ನು ಇನ್‌ಸ್ಪೆಕ್ಷನ್ ಮಾಡುವವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಅಡುಗೆ ಮನೆಯ ದೊಡ್ಡ ಹಂಡೆಗಳ ಮುಂದೆ ಅತ್ತೆ, "ಇಷ್ಟು ದೊಡ್ಡದ್ರಾಗ ಸಾರು ಮಾಡಿದ್ರ ಉಪ್ಪು ಹ್ಯಾಂಗ ನೋಡ್ತಾರ?" ಎಂದು ಕೇಳಿದರು. ಅಲ್ಲಿಂದ ಮುಂದೆ ಸಣ್ಣ ಬಾಗಿಲೊಂದರ ಬಳಿ ಹಿಂದೆ ನೌಕಾಪಡೆಯಲ್ಲಿದ್ದ ವಯಸ್ಸಾದ ಗೈಡ್ ಒಬ್ಬರು ನಿಂತಿದ್ದರು. ಒಳಗೆ ಕೆಲವು ಕುರ್ಚಿ, ಒಂದು ಮೇಜು. ಇದು ಹಡಗಿನ ಪ್ರಾರ್ಥನಾ ಕೋಣೆ, ಒಂದೊಂದು ಪಂಗಡದವರೂ ಸರದಿಯ ಮೇಲೆ ಬಳಸುತ್ತಿದ್ದರು ಎಂದರು ಅವರು. ಸಮುದ್ರ ಶಾಂತವಾಗಿದ್ದರೆ ಕೋಣೆ ಖಾಲಿ, ಬಿರುಗಾಳಿಯ ಸುದ್ದಿ ಬಂದರೆ ಕೂರಲು ಜಾಗವಿಲ್ಲ ಎಂದು ನಕ್ಕರು.

ಮಾವ ನಗಲಿಲ್ಲ. ಹೊಸ್ತಿಲ ಬಳಿ ನಿಂತು ಶೂ ಬಿಚ್ಚಿದರು. ಪ್ಯಾಂಟಿನ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಒದರಿ, ಬೋಳು ತಲೆಯ ಮೇಲೆ ಹಾಕಿ ಹಿಂದೆ ಗಂಟು ಕಟ್ಟಿದರು. ಒಳಗೆ ಹೋಗಿ ಕೈಮುಗಿದು ನಿಂತರು. ಇದೆಲ್ಲ ಎಷ್ಟು ಸಲೀಸಾಗಿ ಆಯಿತೆಂದರೆ, ಕನ್ನಡಕ ಹಾಕಿಕೊಂಡಷ್ಟು ಸಲೀಸು. ಏನು ಮಾಡಿದೆ ಎಂಬುದು ಅವರಿಗೇ ಗೊತ್ತಾದ ಹಾಗೆ ಕಾಣಲಿಲ್ಲ.

ಅತ್ತೆ ನನ್ನ ತೋಳು ಹಿಡಿದುಕೊಂಡರು. "ಏನ್ರಿ ಇದು? ತಲಿಗೆ ಕರವಸ್ತ್ರಾ?"

ಮಾವ ಬೆಚ್ಚಿ ತಿರುಗಿದರು. ಕೈ ತಲೆಗೆ ಹೋಯಿತು. "ರೂಢಿ," ಎಂದರು.

"ಯಾವ ರೂಢಿ? ನಲವತ್ತೆಂಟು ವರ್ಷ ಸಂಸಾರ ಮಾಡೀನಿ. ಈ ರೂಢಿ ನಾ ನೋಡೇ ಇಲ್ಲಲ್ಲ?"

ಮಗಳು ಆಗಲೇ ನೋಟ್‌ಬುಕ್ ತೆಗೆದಿದ್ದಳು. "ಅಜ್ಜ, ಯು ಪ್ರೇ?"

ಮಾವ ಕುರ್ಚಿಯೊಂದರಲ್ಲಿ ಕೂತು, ಸಿಕ್ಕಿಬಿದ್ದ ಹುಡುಗನ ಹಾಗೆ ಕರವಸ್ತ್ರದ ಗಂಟು ಬಿಚ್ಚುತ್ತಾ ಹೇಳಿದರು.

"ನನಗ ಇಪ್ಪತ್ತೆರಡು ವರ್ಷ. ಮೊದಲನೇ ಪೋಸ್ಟಿಂಗ್ ಸಿಖ್ ಪಲ್ಟನ್ನಿಗೆ. ರವಿವಾರ ಮುಂಜಾನೆ ಸುಬೇದಾರ್ ಬಂದು, ಗುರುದ್ವಾರಕ್ಕ ನಡೀರಿ ಸಾಹೇಬ್ ಅಂದ. ನಾ ಧಾರವಾಡದಾಂವ, ಅಲ್ಲೆ ನಂದೇನು ಕೆಲಸ ಅಂದೆ. ಅದು ನಮ್ಮ ಕಮಾಂಡಿಂಗ್ ಆಫೀಸರ್ ಕಿವಿಗೆ ಬಿತ್ತು. ಕರದು ಬೈದ್ರು. ಇವತ್ತಿನಿಂದ ನಿನ್ನ ಜವಾನರ ದೇವರ ನಿನ್ನ ದೇವರು. ಅವರು ತಲಿ ಬಾಗಿಸೋ ಜಾಗಾದಾಗ ನೀ ಬಾಗಿಸಲಿಲ್ಲಂದ್ರ, ನಾಳೆ ನೀ ಮುಂದ ನಡೀರಿ ಅಂದಾಗ ಅವರು ಯಾಕ ನಡೀಬೇಕು ಅಂದ್ರು. ಏಳು ವರ್ಷ ಆ ಪಲ್ಟನ್ನಿನೊಳಗ ಇದ್ದೆ. ರವಿವಾರಕ್ಕೊಮ್ಮೆ ಬೂಟು ಬಿಚ್ಚಿ, ತಲಿಗೆ ಅರಿವಿ ಕಟ್ಟಿ ಒಳಗ ಹೋಗೋದು. ಅವರ ಪ್ರಾರ್ಥನಾ ಪೂರಾ ಬಾಯಿಪಾಠ."

"ಆಮ್ಯಾಲೆ?" ಅತ್ತೆಯ ದನಿ ಗಟ್ಟಿಯಾಗಿತ್ತು.

"ಆಮ್ಯಾಲೆ ನಮ್ಮ ಕಡೀ ಹುಡುಗರ ಪಲ್ಟನ್. ಅಲ್ಲೆ ಗುಡಿ. ದಸರಾಕ್ಕ ಆಯುಧಪೂಜಾ ಮಾಡಿ ಕುಂಬಳಕಾಯಿ ಒಡಿಯಾಂವ ನಾನ. ಈಶಾನ್ಯದಾಗ ಇದ್ದಾಗ ಜವಾನರು ಕ್ರಿಶ್ಚಿಯನ್ನರು. ಕ್ರಿಸ್‌ಮಸ್ಸಿಗೆ ಅವರ ಜೋಡಿ ಹಾಡೀನಿ."

"ಹಾಡೂ ಹಾಡೀರಿ?"

"ಸಾಲಿನ ಮುಂದ ನಿಂತು."

ಗೈಡ್ ಅಜ್ಜನಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ ಅತ್ತೆಯ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಮಗಳಿಗೆ ಮಾತ್ರ ತನ್ನ ಹೋಮ್‌ವರ್ಕಿನದೇ ಚಿಂತೆ. ಹಾಗಿದ್ದರೆ ನಮ್ಮ ಜನರಲ್ ಯಾಕೆ ಸೇನೆಯಲ್ಲಿದ್ದಾಗ ಚರ್ಚು ಸೇರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಾವ ಗಲ್ಲ ಕೆರೆದುಕೊಂಡರು. "ಅಂವನ ಸೈನ್ಯದಾಗ ಎಲ್ಲಾ ನಮೂನಿ ಚರ್ಚಿನ ಹುಡುಗರು ಇದ್ರಲ್ಲ, ಕ್ಯಾಡೆಟ್. ಒಂದು ಚರ್ಚು ಹಿಡದ್ರ ಉಳದವರಿಗೆ ಏನು ಹೇಳ್ತಿ? ಅಧ್ಯಕ್ಷ ಆದ ಮ್ಯಾಲೆ ಇಡೀ ದೇಶಾನ ಅಂವನ ಪಲ್ಟನ್. ರವಿವಾರ ಆ ಮಂದಿ ಪ್ರಾರ್ಥನಾಕ್ಕ ಹೊಂಟಾಗ ಇಂವ ಒಬ್ಬಾಂವ ಮನ್ಯಾಗ ಕೂತು ಪೇಪರ್ ಓದಿದ್ರ ಹ್ಯಾಂಗ? ಅದಕ್ಕ ಹೋಗಿ ಹಾಜರಿ ಹಾಕಿರಬೇಕು. ಇದು ನನ್ನ ಲೆಕ್ಕ. ಖರೇ ಏನಂತ ಅಂವಗೇ ಗೊತ್ತು."

ಮಗಳು ಕುರ್ಚಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡಳು. ನನಗೆ ಆ ಉತ್ತರ ಬಹಳ ಹಿಡಿಸಿತು. ಅಷ್ಟರಲ್ಲಿ ಗಂಡ ಪಾರ್ಕಿಂಗ್ ಮುಗಿಸಿ ಬಂದು, "ಏನ್ ಮಿಸ್ ಮಾಡ್ಕೊಂಡೆ?" ಎಂದು ಕೇಳಿದ. ಅತ್ತೆ ಆಗಲೇ ಇಳಿಯುವ ಮೆಟ್ಟಿಲ ಕಡೆ ನಡೆದಿದ್ದರು.

ವಾಪಸು ಬರುವಾಗ ಸ್ಯಾನ್ ಕ್ಲೆಮೆಂಟೆ ದಾಟುವವರೆಗೆ ಅತ್ತೆ ಬಾಯಿ ಬಿಡಲಿಲ್ಲ. ಎಡಗಡೆ ಸಮುದ್ರ ಹೊಳೆಯುತ್ತಿತ್ತು. ಅದನ್ನು ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಆಮೇಲೆ ಟ್ರಾಫಿಕ್ ನಿಂತಿತು, ಅತ್ತೆ ಶುರು ಮಾಡಿದರು.

"ಶ್ರಾವಣ ಸೋಮವಾರ ಒಂದೂ ಬಿಟ್ಟಿಲ್ಲ. ಪ್ರತಿ ಸಲಾ ಏನು ಬೇಡ್ಕೊಂಡೀನಿ ಗೊತ್ತದೇನು? ದೇವ್ರ, ನನ್ನ ಗಂಡಗ ನಿನ್ನ ಮ್ಯಾಲೆ ನಂಬಿಗಿ ಇಲ್ಲ, ತಪ್ಪ ಹಿಡೀಬ್ಯಾಡ, ಅಂವನ ಪಾಲಿಂದೂ ನಾನ ಬೇಡ್ಕೋತೀನಿ, ಜ್ವಾಪಾನ ಮಾಡು ಅಂತ. ನಲವತ್ತೆಂಟು ವರ್ಷ ಇಬ್ಬರ ಪಾಲಿಂದು ನಾ ಒಬ್ಬಾಕಿನ ಬೇಡೀನಿ! ಇವರು ನೋಡಿದ್ರ ಅಲ್ಲೆ ಮೂರು ಮೂರು ಕಡೆ ಕೈ ಮುಗಕೋತ ಕೂತಾರ!"

"ಸೋ ಗಾಡ್ ಗಾಟ್ ಎಕ್ಸ್‌ಟ್ರಾ," ಎಂದಳು ಮಗಳು ಹಿಂದಿನ ಸೀಟಿನಿಂದ.

"ಅದಕ್ಕ ಗುಂಡು ಬಡೀಲಾರದ ಬಂದೀನಿ ಅಂತ ತಿಳೀ," ಎಂದರು ಮಾವ ಮೆಲ್ಲಗೆ.

ಅತ್ತೆ ಕಿಟಕಿಯ ಕಡೆ ತಿರುಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಮತ್ತ ಮನ್ಯಾಗ ಯಾಕ ಒಂದಿನಾನೂ ದೀಪಾ ಹಚ್ಚಲಿಲ್ಲ?"

"ಮನ್ಯಾಗ ನನಗ ಯಾವ ಪಲ್ಟನ್ ಇತ್ತು?" ಎಂದರು ಮಾವ. "ಮನಿ ಕಮಾಂಡ್ ನಿಂದು. ಪೂಜಾನೂ ನಿಂದು. ನಿನ್ನ ಡಿಪಾರ್ಟ್‌ಮೆಂಟಿನೊಳಗ ನಾ ಯಾಕ ಕೈ ಹಾಕ್ಲಿ?"

ಇದು ಒಳ್ಳೆಯ ಉತ್ತರವೆಂದು ಅವರು ಅಂದುಕೊಂಡಿದ್ದರು. ಅಲ್ಲ ಎಂಬುದು ಭಾನುವಾರದಿಂದಲೇ ಗೊತ್ತಾಯಿತು. ದಿನಾ ಸಂಜೆ ನಾಲ್ಕಕ್ಕೆ ಅತ್ತೆ ಮಾವನಿಗೆ ಕಲಸಿ ಕೊಡುತ್ತಿದ್ದ ಚುರಮರಿ ನಿಂತುಹೋಯಿತು. ಚಹಾ ಬರುತ್ತಿತ್ತು, ಆದರೆ ನನ್ನ ಮೂಲಕ. "ನಿಮ್ಮ ಮಾವಗ ಹೇಳವಾ, ಸಕ್ಕರಿ ಮುಗದದ." ಮಾವ ಎರಡಡಿ ದೂರದಲ್ಲೇ ಕೂತಿರುತ್ತಿದ್ದರು. ಹಗಲು ಉಪಗ್ರಹಗಳಿಗೆ ಸಂದೇಶ ಕಳಿಸುವ ತಂಡದಲ್ಲಿ ನನ್ನ ಕೆಲಸ. ಸಂಜೆ ಮನೆಯಲ್ಲೂ ಅದೇ ಕೆಲಸವಾಯಿತು.

ಮ್ಯೂಸಿಯಂ ಇದ್ದದ್ದು ಗುರುವಾರ ಸಂಜೆ. ಶಾಲೆಯ ದೊಡ್ಡ ಹಾಲಿನ ನಾಲ್ಕು ಗೋಡೆಗಳ ಉದ್ದಕ್ಕೂ ಅಧ್ಯಕ್ಷರು ನಿಂತಿದ್ದರು. ಉದ್ದ ಟೊಪ್ಪಿಗೆಯವನ ಗಡ್ಡ ಅರ್ಧ ಕಿತ್ತುಬಂದಿತ್ತು. ಇನ್ನೊಬ್ಬ ಅಧ್ಯಕ್ಷ ಬಾತ್‌ರೂಮಿಗೆ ಹೋಗಬೇಕೆಂದು ಕಾಲು ಹೊಸೆಯುತ್ತಿದ್ದ. ನನ್ನ ಮಗಳು ಮಾತ್ರ, ಅಪ್ಪನ ಟೈ, ಈಜುವಾಗ ಹಾಕುವ ಕ್ಯಾಪಿಗೆ ಮೈಬಣ್ಣ ಬಳಿದು ಮಾಡಿದ ಬೋಳುತಲೆ, ನೆಟ್ಟ ನೋಟ, ಕಂಬದ ಹಾಗೆ ನಿಂತಿದ್ದಳು. ಶೂ ಒಳಗೆ ಹೆಬ್ಬೆರಳು ಆಡುತ್ತಿತ್ತೇನೋ, ನಮಗೆ ಕಾಣಲಿಲ್ಲ. ಮಾವ ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತಲೆಯಾಡಿಸಿದರು.

ಯಾರೋ ಗುಂಡಿ ಒತ್ತಿದರು. ಮಗಳು ಗಂಟಲು ಸರಿಮಾಡಿಕೊಂಡು ಬಾಲ್ಯ, ಯುದ್ಧ, ಗೆಲುವು ಎಲ್ಲ ಹೇಳಿ, ಕೊನೆಯಲ್ಲಿ ಟೀಚರ್ ಕೇಳಿದ ಎರಡು ವಾಕ್ಯಕ್ಕೆ ಬಂದಳು. ಸೈನಿಕನಾಗಿದ್ದಾಗ ನನ್ನ ಜನ ಎಲ್ಲ ಚರ್ಚುಗಳಿಗೂ ಸೇರಿದವರಾಗಿದ್ದರು, ಬಹುಶಃ ಅದಕ್ಕೇ ನಾನು ಒಂದನ್ನೂ ಆರಿಸಲಿಲ್ಲ. ಅಧ್ಯಕ್ಷನಾದ ಮೇಲೆ ನನ್ನ ಜನ ಪ್ರಾರ್ಥಿಸುವಾಗ ನಾನೂ ಸಾಲಿನಲ್ಲಿರಬೇಕು ಎನಿಸಿತೇನೋ. ಟೀಚರ್ ಹಿಂದಿನಿಂದ ಚಪ್ಪಾಳೆ ತಟ್ಟಿದರು.

ಈಗ ಮಾವ ಮುಂದೆ ಬಂದು ಗುಂಡಿ ಒತ್ತಿದರು. ಸೆಲ್ಯೂಟ್ ಹೊಡೆದು ಇಂಗ್ಲಿಷಿನಲ್ಲಿ ಕೇಳಿದರು: ಜನರಲ್, ನಿಜ ಹೇಳಿ, ನಿಮಗೆ ಒಳಗಿನಿಂದ ನಂಬಿಕೆ ಇತ್ತೇ?

ಇದು ಹಾಳೆಯಲ್ಲಿರಲಿಲ್ಲ. ಮಗಳ ಕಣ್ಣು ಒಮ್ಮೆ ಅತ್ತಿತ್ತ ಓಡಿತು. "ದಟ್ಸ್ ಕ್ಲಾಸಿಫೈಡ್, ಕರ್ನಲ್."

ಸುತ್ತ ನಿಂತಿದ್ದವರೆಲ್ಲ ನಕ್ಕರು. ಮಾವನಿಗೆ ಹೆಮ್ಮೆಯಿಂದ ಮುಖ ಕೆಂಪಾಯಿತು. ಆ ಗದ್ದಲದಲ್ಲೇ ಅತ್ತೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿಯ ತುದಿಯಿಂದ ಗುಂಡಿ ಒತ್ತಿದರು.

"ಏನಪಾ ಜನರಲ್ಲ, ಚರ್ಚಿಗೆ ಹೋಗೂ ಮೊದಲ ನಿನ್ನ ಹೆಂಡ್ತಿಗೆ ಹೇಳಿದ್ಯೋ ಇಲ್ಲೋ?"

ಹಾಲಿನಲ್ಲಿ ಕನ್ನಡ ತಿಳಿಯುವವರು ನಾವಷ್ಟೇ. ಮಗಳು ಯೋಚಿಸಿದಳು. ಲೈಬ್ರರಿಯ ಪುಸ್ತಕದಲ್ಲಿ ಅದೂ ಇತ್ತು. "ಶೀ ವಾಸ್ ಆಲ್ರೆಡಿ ದೇರ್, ಅಜ್ಜಿ. ಇಟ್ ವಾಸ್ ಹರ್ ಕೈಂಡ್ ಆಫ್ ಚರ್ಚ್."

ಅತ್ತೆ ನನ್ನ ಕಡೆ ತಿರುಗಿದರು. "ಏನಂದ್ಲು?"

"ಅವರ ಹೆಂಡತಿ ಮೊದಲೇ ಆ ಪಂಗಡದ ಚರ್ಚಿನವರಂತೆ ಅತ್ತೆ. ಜನರಲ್ ಹೋಗಿ ಸೇರಿದ್ದು ಹೆಂಡತಿಯ ಕಡೆಯ ಚರ್ಚಿಗೇ."

ಅತ್ತೆ ನಿಧಾನವಾಗಿ ಮಾವನ ಕಡೆ ನೋಡಿದರು. ಐದು ದಿನದಲ್ಲಿ ಮೊದಲ ಸಲ ನೇರವಾಗಿ ಮಾತಾಡಿದರು. "ಕೇಳಿದ್ರ್ಯಾ?"

"ಕೇಳ್ದೆ," ಎಂದರು ಮಾವ.

"ಇಡೀ ಸೈನ್ಯಾ ಗೆದ್ದಾಂವ ಹೆಂಡ್ತಿ ಹಿಂದ ಹೋಗಿ ನಿಂತಾನ. ಮನಿ ಪಲ್ಟನ್ನಿನೊಳಗ ನಾ ಒಬ್ಬಾಕಿನ ಇದ್ರೂ ಪಲ್ಟನ್ ಪಲ್ಟನ್ನೇ ಹೌದಿಲ್ಲೋ?"

ಮಾವ ಕರವಸ್ತ್ರ ತೆಗೆದು ಬೋಳು ತಲೆ ಒರೆಸಿಕೊಂಡರು. ಪಕ್ಕದ ಅಧ್ಯಕ್ಷ ಕೊನೆಗೂ ತಡೆಯಲಾರದೆ ಬಾತ್‌ರೂಮಿಗೆ ಓಡಿದ. ಮನೆಗೆ ಬರುವಾಗ ಕಾರಿನಲ್ಲಿ ಮಗಳು ಕ್ಯಾಪ್ ಕಿತ್ತೆಸೆದು, ತಲೆ ಕೆರೆದುಕೊಳ್ಳುತ್ತಾ, ತಾನು ಮೂವತ್ತೆಂಟು ನಿಮಿಷ ಅಲ್ಲಾಡಲಿಲ್ಲ ಎಂದು ಹತ್ತು ಸಲ ಹೇಳಿದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಕಾಫಿ ಮಾಡುತ್ತಿದ್ದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗಡ್ಡ ಹೆರೆದು, ಕರವಸ್ತ್ರ ಕಟ್ಟಿಕೊಂಡು ಕೋಣೆಯಿಂದ ಬಂದರು. ಕ್ಲೋಸೆಟ್ಟಿನ ಬಾಗಿಲ ಮುಂದೆ ಹಿಮ್ಮಡಿ ಕೂಡಿಸಿ ನಿಂತರು. ಒಳಗೆ ಅತ್ತೆ ಹೂವು ಏರಿಸುತ್ತಿದ್ದರು.

"ಗುರುದ್ವಾರದ್ದು ಬ್ಯಾಡ್ರಿ ಇಲ್ಲೆ, ಬಿಚ್ಚಿಡ್ರಿ ಅದನ್ನ," ಎಂದರು ತಿರುಗದೆಯೇ.

"ತಲಿ ಮುಚ್ಚಲಾರದ ನನಗ ಬರಂಗಿಲ್ಲ."

ಅತ್ತೆ ಇನ್ನೊಂದು ಹೂವು ಏರಿಸಿದರು. "ಆತು, ಇರ್ಲಿ. ಒಳಗ ಬರ್ರಿ."

ಒಳಗೆ ಇಬ್ಬರಿಗೆ ಜಾಗವಿರಲಿಲ್ಲ. ಮಾವ ಒಂದು ಹೆಜ್ಜೆ ಇಟ್ಟರು, ಕೋಟು ನೇತುಹಾಕುವ ಕಬ್ಬಿಣದ ಕೋಲಿಗೆ ಹಣೆ ಬಡಿಯಿತು. ಢಣ್ ಎಂದು ಗಂಟೆಯಂಥದೇ ಸದ್ದು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕ ನಗೆಗೆ ದೀಪ ಅಲ್ಲಾಡಿತು. ಅಂದು ಮಧ್ಯಾಹ್ನವೇ ಮಾವ ಸ್ಕ್ರೂಡ್ರೈವರ್ ತಂದು ಆ ಕೋಲನ್ನು ಬಿಚ್ಚಿ ಗ್ಯಾರೇಜಿಗೆ ಸಾಗಿಸಿದರು.

ಆಮೇಲೆ ಯಾವ ಭಾನುವಾರವೂ ತಪ್ಪಿಲ್ಲ. ಅವರು ಕೂರುವುದಿಲ್ಲ, ಮಂತ್ರ ಹೇಳುವುದಿಲ್ಲ, ಆರತಿ ಮುಗಿಯುವವರೆಗೆ ಅಟೆನ್ಶನ್ನಿನಲ್ಲಿ ನಿಲ್ಲುತ್ತಾರೆ. ಒಮ್ಮೆ ಇಬ್ಬರೇ ಇದ್ದಾಗ, "ಮಾವ, ಈಗ ನಂಬಿಕೆ ಬಂದಿದೆಯಾ ನಿಮಗೆ?" ಎಂದು ಕೇಳಿಬಿಟ್ಟೆ. ಅವರು ಪೇಪರಿನಿಂದ ತಲೆಯೆತ್ತಿ, "ನಿಮ್ಮ ಅತ್ತಿ ಕೇಳು ಅಂದ್ಲೇನು?" ಎಂದರು. ಇಲ್ಲ ಎಂದೆ. "ಹಂಗಾದ್ರ ಬಿಡು," ಎಂದು ಮತ್ತೆ ಓದತೊಡಗಿದರು.

ಅತ್ತೆಯದು ಈಗ ಬೇರೆಯೇ ದೂರು. ಏಳು ಗಂಟೆ ಎಂದರೆ ಈ ಮನುಷ್ಯ ಆರೂ ಐವತ್ತಕ್ಕೇ ಬಂದು ನಿಲ್ಲುತ್ತಾರೆ, ತನಗೆ ಸಮಾಧಾನವಾಗಿ ಸ್ನಾನ ಮಾಡಲೂ ಆಗುವುದಿಲ್ಲ ಎಂದು.